ಗಾಜೋ ಅಕ್ರಿಲಿಕ್ಕೋ: ಎರಡಕ್ಕೂ ಬಣ್ಣ ಹಚ್ಚಿ ನೋಡಿದೆ

ಅಣ್ಣನ ಮಗ ಹಳೇ ಕಂಪ್ಯೂಟರ್ ಒಳಗಿಟ್ಟು ಪ್ಯಾಕ್‌ಮ್ಯಾನ್ ಆಡುವ ಪ್ಲೈವುಡ್ ಪೆಟ್ಟಿಗೆ ಕಟ್ಟಿದ. 1980ರ ಆಟ, ಅವನು ಹುಟ್ಟಿದ್ದು ಅದಾಗಿ ಎಷ್ಟೋ ವರ್ಷಕ್ಕೆ! ಮಾನಿಟರಿನ ಸುತ್ತಲಿನ ಕಪ್ಪು ಚೌಕಟ್ಟು, ತಲೆಮೇಲೆ ಬೆಳಗುವ ಬೋರ್ಡು ನನ್ನ ಪಾಲಿಗೆ ಬಂದವು. "ಕಾಕಾ, ನೀವು ಅಂಗಡಿ ಬೋರ್ಡ್ ಬರೀತಿದ್ರಲ್ರೀ" ಅಂದ. ಬರೀತಿದ್ದೆ ಖರೆ. ಕಲಬುರಗಿಗೆ ಫ್ಲೆಕ್ಸ್ ಬಂದ ಮೇಲೆ ಬ್ರಷ್ ಮುಟ್ಟಿದ್ದಿಲ್ಲ.

ಇಂಥದ್ದಕ್ಕೆ ಗಾಜು ಇಲ್ಲವೇ ಅಕ್ರಿಲಿಕ್, ಅಂದರೆ ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಹಲಗೆ. ಬಣ್ಣ ಹಚ್ಚುವುದು ಅದರ ಹಿಂಬದಿಗೆ, ನೋಡುವುದು ಮುಂದಿನಿಂದ. ಹಿಂಬದಿಗೆ ಬರೆಯುವಾಗ ಎಲ್ಲಾ ಉಲ್ಟಾ. ಅಕ್ಷರ ಕನ್ನಡಿಯಲ್ಲಿ ಕಂಡಂತೆ, ಮೊದಲು ಗೆರೆ, ಆಮೇಲೆ ಒಳಬಣ್ಣ, ಕೊನೆಗೆ ಹಿನ್ನೆಲೆ. ಮೊದಲ ಕೋಟಿನಲ್ಲಿ ತಪ್ಪಿದರೆ ಮುಂದಿನಿಂದ ಕಾಣುವುದು ಆ ತಪ್ಪೇ.

4 ಎಂಎಂ ಗಾಜು, 3 ಎಂಎಂ ಅಕ್ರಿಲಿಕ್ ಎರಡನ್ನೂ ತಂದೆ. ಗಾಜು ನನಗೆ ಹಳೇ ಗೆಳೆಯ. ಥಿನ್ನರಿನಿಂದ ಒರೆಸಿ ಎಣ್ಣೆ ಬಣ್ಣ ಎಳೆದರೆ ಬ್ರಷ್ ಬೆಣ್ಣೆಯ ಮೇಲೆ ಹೋದಂತೆ. ಗೆರೆ ತಪ್ಪಿದರೆ ಬ್ಲೇಡಿನಿಂದ ಕೆರೆದು ಮತ್ತೆ ಬರೆಯಬಹುದು. ಆದರೆ ಒಣಗಿದ ಮೇಲೂ ಉಗುರು ತಾಗಿದರೆ ಸಿಪ್ಪೆಯಂತೆ ಏಳುತ್ತದೆ, ಫ್ರೇಮಿಗೆ ತುರುಕುವಾಗ ಒಂದು ಮೂಲೆ ಹಾಗೇ ಹೋಯಿತು.

ಅಕ್ರಿಲಿಕ್ಕಿಗೂ ಅದೇ ರೂಢಿಯಲ್ಲಿ ಥಿನ್ನರ್ ಬಟ್ಟೆ ಹಚ್ಚಿದೆ. ಎರಡು ನಿಮಿಷಕ್ಕೆ ಕತ್ತರಿಸಿದ ಅಂಚಿನಿಂದ ಕೂದಲೆಳೆಯಂಥ ಬಿರುಕು ಒಳಗೆ ಹಬ್ಬಿ, ಮೇಲ್ಮೈ ಮಂಕಾಯಿತು. ಮೊದಲ ತುಂಡು ಗುಜರಿಗೆ. ಸೋಪಿನ ನೀರೇ ಸಾಕಿತ್ತು. ಒಣ ಬಟ್ಟೆಯಿಂದ ಉಜ್ಜಿದರೂ ಕಷ್ಟ, ನಮ್ಮೂರ ಧೂಳನ್ನೆಲ್ಲಾ ಎಳೆದುಕೊಂಡು ಕೂರುತ್ತದೆ. ಒದ್ದೆ ಬಟ್ಟೆ ಬೇಕು.

ಆದರೂ ಅಕ್ರಿಲಿಕ್ಕಿನ ಒಂದು ಗುಣಕ್ಕೆ ಸೋತೆ. ಅದರ ಮೇಲೆ ಅಂಟಿಸಿ ಬರುವ ಪ್ಲಾಸ್ಟಿಕ್ ಹಾಳೆಯನ್ನೇ ಬ್ಲೇಡಿನಿಂದ ಮೆಲ್ಲಗೆ ಕೊಯ್ದು, ಬೇಕಾದಷ್ಟೇ ಸುಲಿದು ಸ್ಪ್ರೇ ಹೊಡೆದರೆ ಬೇರೆ ಟೇಪೇ ಬೇಡ. ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ ಹಾಳೆ ತೆಗೆಯಬೇಕು, ಇಲ್ಲದಿದ್ದರೆ ಬಣ್ಣದ ಅಂಚು ಹಾಳೆಯ ಜೊತೆ ಕಿತ್ತುಬರುತ್ತದೆ. ಬ್ಲೇಡ್ ಜೋರಾಗಿ ಒತ್ತಿದರೆ ಗೀರು ಬಿದ್ದು ಅದರಲ್ಲೇ ಬಣ್ಣ ಕೂರುತ್ತದೆ.

ಸ್ಪ್ರೇಗೆ ಮೇ ತಿಂಗಳ ಮಧ್ಯಾಹ್ನ ಕೂತದ್ದು ನನ್ನ ಹುಚ್ಚು. ಬಣ್ಣ ಗಾಳಿಯಲ್ಲೇ ಒಣಗಿ ರವೆಯಂತೆ ಬಿತ್ತು, ಮುಂದಿನಿಂದ ನೋಡಿದರೆ ಕಪ್ಪೆಲ್ಲಾ ಬೂದಿ. ಮರುದಿನ ಬೆಳಿಗ್ಗೆ ಆರಕ್ಕೆ ಬೇರೆ ತುಂಡಿಗೆ ತೆಳ್ಳಗೆ ನಾಲ್ಕು ಕೋಟ್ ಕೊಟ್ಟೆ, ಸರಿಹೋಯಿತು.

ಕೊನೆಗೆ ಎರಡನ್ನೂ ಟ್ಯೂಬ್‌ಲೈಟಿಗೆ ಹಿಡಿದೆ. ಲೈಟ್ ಹಾಕುವ ಮೊದಲು ಎರಡೂ ಚಂದ. ಬೆಳಕು ಹಿಂದೆ ಬಂದ ಕೂಡಲೇ ಗಾಜಿನ ಹಳದಿಯಲ್ಲಿ ಬ್ರಷ್ಷಿನ ಒಂದೊಂದು ಗೆರೆ ಎದ್ದು ಕಂಡಿತು, ಸ್ಪ್ರೇ ಹೊಡೆದ ಅಕ್ರಿಲಿಕ್ ಸಮನಾಗಿ ಬೆಳಗಿತು. ಕಪ್ಪಿನಲ್ಲಿ ಸೂಜಿತೂತುಗಳು ಅದರಲ್ಲೂ ಇದ್ದವು, ಒಂದೊಂದಕ್ಕೂ ಬ್ರಷ್ ಮುಟ್ಟಿಸಿ ಮುಚ್ಚಿದೆ.

ಹಾಗಾಗಿ ತಲೆಬೋರ್ಡಿಗೆ ಅಕ್ರಿಲಿಕ್ ಏರಿತು. ತೂಕ ಗಾಜಿನ ಅರ್ಧದಷ್ಟೂ ಇಲ್ಲ, ಬಿದ್ದರೂ ಹುಡುಗರ ತಲೆ ಉಳಿದೀತು. ಮಾನಿಟರ್ ಚೌಕಟ್ಟಿಗೆ ಮಾತ್ರ ಗಾಜೇ ಇರಲಿ ಅಂದೆ: ದಿನಾ ಬೆರಳ ಗುರುತು ಒರೆಸಿದರೆ ಅಕ್ರಿಲಿಕ್ಕಿಗೆ ಗೀರು ಬೀಳುತ್ತದೆ. ಎದ್ದುಹೋದ ಮೂಲೆಗೆ ಕಪ್ಪು ಬಣ್ಣ ತುಂಬಿದೆ. ಅಣ್ಣನ ಮಗ ಅದನ್ನಿನ್ನೂ ಗಮನಿಸಿಲ್ಲ.