ಪೊಳ್ಳು ಟರೆಟ್‌ನೊಳಗೆ ಉಳಿದ ಹಸಿ ರೆಸಿನ್: ಮುದ್ರಿತ ಭಾಗಗಳನ್ನು ಕೊಳ್ಳುವವರಿಗೆ ಎಚ್ಚರಿಕೆ

ಟ್ಯಾಂಕ್ ಕಿಟ್‌ಗಳನ್ನು (ಬಿಡಿಭಾಗಗಳನ್ನು ಅಂಟಿಸಿ ಕಟ್ಟುವ ಪ್ಲಾಸ್ಟಿಕ್ ಮಾದರಿಗಳನ್ನು) ವೈಜ್ಞಾನಿಕ ಕಲ್ಪನೆಯ ಯುದ್ಧವಾಹನಗಳಾಗಿ ಮಾರ್ಪಡಿಸುವ ಹವ್ಯಾಸವುಳ್ಳವರು ಆನ್‌ಲೈನಿನಲ್ಲಿ ಸಿಗುವ ತ್ರೀಡಿ ಮುದ್ರಿತ ಟರೆಟ್ (ಟ್ಯಾಂಕಿನ ಮೇಲೆ ತಿರುಗುವ, ಗನ್ ಹೊತ್ತ ಭಾಗ), ರೈಲ್‌ಗನ್ (ವಿದ್ಯುತ್ ಬಲದಿಂದ ಗುಂಡು ಹಾರಿಸುವ ಗನ್), ಕ್ಷಿಪಣಿ ಪೆಟ್ಟಿಗೆ ಮುಂತಾದ ರೆಸಿನ್ (ಬೆಳಕು ತಾಗಿದಾಗ ಗಟ್ಟಿಯಾಗುವ ದ್ರವ) ಭಾಗಗಳಿಗೆ ಹಣ ಕೊಡುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ನಾನು ಕೊಂಡ ಟರೆಟ್ ಮೇಲುನೋಟಕ್ಕೆ ನಿರ್ದೋಷವಾಗಿತ್ತು. ಬಣ್ಣ ಹಚ್ಚಿ ಮುಗಿಸಿದ ಕೆಲವು ತಿಂಗಳ ನಂತರ ಅದು ಬಿರಿದು, ಒಳಗೆ ಗಟ್ಟಿಯಾಗದೆ ಉಳಿದಿದ್ದ ರೆಸಿನ್ ಸೋರಿ, ಮಾದರಿಯನ್ನು ಕೆಡಿಸಿದ್ದಲ್ಲದೆ ನನ್ನ ಚರ್ಮಕ್ಕೂ ತೊಂದರೆ ತಂದಿಟ್ಟಿತು.

ಕಿಟ್‌ಗಳನ್ನು ಬೆರೆಸಿ ಹೊಸ ವಾಹನ ಕಟ್ಟುವ ಕಲೆ ಹಳೆಯದು. ಜಪಾನಿನ ಕೋ ಯೊಕೊಯಾಮಾ ಅವರು 1982ರಲ್ಲಿ ಹಾಬಿ ಜಪಾನ್ ಪತ್ರಿಕೆಯಲ್ಲಿ ಆರಂಭಿಸಿದ ಎಸ್‌ಎಫ್‌ಥ್ರೀಡಿ ಎಂಬ ವೈಜ್ಞಾನಿಕ ಕಲ್ಪನೆಯ ಮಾದರಿ ಸರಣಿಯ ಯಂತ್ರಗಳಲ್ಲಿ ಟ್ಯಾಂಕ್ ಕಿಟ್‌ಗಳ ಬಿಡಿಭಾಗಗಳು ಹೇರಳವಾಗಿ ಬಳಕೆಯಾಗಿದ್ದವು. ಕಿಟ್‌ಗಳ ಭಾಗಗಳೆಲ್ಲ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಆಗಿದ್ದರೆ ಒಂದೇ ಅಂಟು ಎಲ್ಲವನ್ನೂ ಕರಗಿಸಿ ಬೆಸೆಯುತ್ತದೆ, ಒಂದೇ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಲೇಪ) ಎಲ್ಲದರ ಮೇಲೂ ಕೂರುತ್ತದೆ. ಈಗ ಒಂದೇ ಮಾದರಿಯಲ್ಲಿ ಪಾಲಿಸ್ಟೈರೀನ್, ಅಚ್ಚಿನಲ್ಲಿ ಎರಕ ಹೊಯ್ದ ಪಾಲಿಯುರೇಥೇನ್ ಮತ್ತು ಬೆಳಕಿನಿಂದ ಗಟ್ಟಿಯಾಗುವ ಮುದ್ರಣ ರೆಸಿನ್ ಒಟ್ಟಿಗೆ ಇರುತ್ತವೆ. ಇವುಗಳ ಪೈಕಿ ಕೊನೆಯದು, ಮುದ್ರಿಸಿದವನು ತನ್ನ ಕೆಲಸವನ್ನು ಪೂರ್ತಿ ಮಾಡದಿದ್ದರೆ, ಅರ್ಧ ದ್ರವವಾಗಿಯೇ ನಮ್ಮ ಮನೆಗೆ ಬರಬಹುದು.

ನಾನು ಆಧಾರವಾಗಿ ಆರಿಸಿಕೊಂಡದ್ದು 1/35 ಅಳತೆಯ ಟಿ-55 ಕಿಟ್. ನಮ್ಮ ಸೇನೆಯೂ ದೀರ್ಘಕಾಲ ಬಳಸಿದ ಈ ಟ್ಯಾಂಕಿನ ಮೈಕಟ್ಟು ತಗ್ಗಾಗಿದ್ದು, ಹಿಂಭಾಗದ ಎಂಜಿನ್ ಡೆಕ್ ಚಪ್ಪಟೆಯಾಗಿರುವುದರಿಂದ ಮಾರ್ಪಾಡಿಗೆ ಬಹಳ ಅನುಕೂಲ. ಪ್ರತಿ ಬದಿಯ ಐದು ಚಕ್ರಗಳನ್ನೂ ಟ್ರ್ಯಾಕನ್ನೂ ಬಿಟ್ಟು, ಅವುಗಳ ಜಾಗಕ್ಕೆ ಪ್ಲಾಸ್ಟಿಕ್ ಹಾಳೆಯಿಂದ ಕವಚ ಕಟ್ಟಿ, ನೆಲದಿಂದ ಮೇಲೆ ತೇಲುವ ವಾಹನದ ರೂಪ ಕೊಟ್ಟಿದ್ದೆ. ಗುಮ್ಮಟದಂಥ ಮೂಲ ಟರೆಟ್ ಆ ರೂಪಕ್ಕೆ ಹೊಂದುತ್ತಿರಲಿಲ್ಲವಾದ್ದರಿಂದ, ಉದ್ದನೆಯ ರೈಲ್‌ಗನ್ ಇರುವ ಕೋನಾಕಾರದ ಟರೆಟ್ ಒಂದನ್ನು ಆನ್‌ಲೈನ್ ಮಾರಾಟಗಾರರೊಬ್ಬರಿಂದ ತರಿಸಿಕೊಂಡೆ. ಪುಟದ ವಿವರಣೆಯಲ್ಲಿ ಅದು ಪೂರ್ತಿ ಗಟ್ಟಿಗೊಳಿಸಿದ್ದು, ನೇರವಾಗಿ ಬಣ್ಣ ಬಳಿಯಲು ಸಿದ್ಧ ಎಂದು ಸ್ಪಷ್ಟವಾಗಿ ಬರೆದಿತ್ತು.

ಬಂದ ಭಾಗ ನಿಜಕ್ಕೂ ಚೆಂದವಾಗಿತ್ತು. ಫಲಕಗಳ ನಡುವಿನ ಗೆರೆಗಳು ಚೂಪಾಗಿದ್ದವು, ಪದರಗಳ ಗುರುತು ಹುಡುಕಿದರೂ ಕಾಣುತ್ತಿರಲಿಲ್ಲ, ಬೋಲ್ಟ್‌ಗಳ ತಲೆಗಳು ಕಿಟ್‌ನ ಅಚ್ಚಿಗಿಂತ ಸ್ಫುಟವಾಗಿದ್ದವು. ತಳಭಾಗ ಮಾತ್ರ ಎಲ್ಲಿಯೂ ಒಂದು ತೂತಿಲ್ಲದೆ ನುಣ್ಣಗೆ ಮುಚ್ಚಿಕೊಂಡಿತ್ತು. ಮುಂದಿನ ಎಲ್ಲ ಅನರ್ಥದ ಮೂಲ ಅಲ್ಲೇ ಇತ್ತು.

ಬಿರುಬೇಸಗೆಯಲ್ಲಿ, ಮಾದರಿ ಕಪಾಟಿನಲ್ಲಿ ನಿಂತಿದ್ದಾಗ, ಗನ್ನಿನ ಬುಡದ ಹತ್ತಿರ ಸಾಸಿವೆ ಕಾಳಿನಷ್ಟು ಹೊಳೆಯುವ ಹನಿಯೊಂದು ಕಾಣಿಸಿತು. ಒರೆಸಿದರೆ ಮರುದಿನ ಮತ್ತೆ ಅಲ್ಲೇ ಮೂಡಿತು. ಭೂತಗನ್ನಡಿಯಲ್ಲಿ ನೋಡಿದಾಗ ಅಲ್ಲಿಂದ ಟರೆಟ್‌ನ ಅಂಚಿನವರೆಗೆ ಕೂದಲೆಳೆಯ ಬಿರುಕು ಓಡಿತ್ತು. ಅದರ ಇಕ್ಕೆಲಗಳಲ್ಲಿ ಬಣ್ಣ ಗುಳ್ಳೆಯೆದ್ದು ಚರ್ಮದಂತೆ ಸುಕ್ಕುಗಟ್ಟಿತ್ತು. ಕೆಲವೇ ದಿನಗಳಲ್ಲಿ ಬಿರುಕು ಅಗಲವಾಗಿ, ತೀಕ್ಷ್ಣವಾದ ಸಿಹಿವಾಸನೆಯ ಅಂಟುದ್ರವ ಟರೆಟ್ ರಿಂಗ್‌ನ (ಟರೆಟ್ ಕೂರುವ ಬಳೆಯಾಕಾರದ ಜಾಗ) ಸುತ್ತ ಇಳಿಯಿತು. ಟರೆಟ್ಟನ್ನು ಎತ್ತಲು ಹೋದರೆ ಅದು ವಾಹನದ ಮೈಗೆ ಕಚ್ಚಿಕೊಂಡಿತ್ತು, ಬಲವಂತವಾಗಿ ಬಿಡಿಸಿದಾಗ ಕೆಳಗಿನ ಡೆಕ್‌ನ ಪ್ಲಾಸ್ಟಿಕ್ ಮೆತ್ತಗಾಗಿ ಉಗುರಿನ ಗುರುತು ಮೂಡುವಂತಿತ್ತು.

ಕಾರಣ ಸರಳವಾದದ್ದು. ಇಂಥ ಮುದ್ರಣ ಯಂತ್ರಗಳಲ್ಲಿ ತೊಟ್ಟಿಯಲ್ಲಿರುವ ದ್ರವ ರೆಸಿನ್ನನ್ನು ಸಾಮಾನ್ಯವಾಗಿ 405 ನ್ಯಾನೊಮೀಟರ್ ತರಂಗಾಂತರದ ಬೆಳಕು ಪದರಪದರವಾಗಿ ಗಟ್ಟಿಮಾಡುತ್ತದೆ. ರೆಸಿನ್ ಉಳಿಸಲೆಂದು ದೊಡ್ಡ ಭಾಗಗಳ ಒಳಗನ್ನು ಪೊಳ್ಳಾಗಿ, ಗೋಡೆಯನ್ನು ಒಂದೆರಡು ಮಿಲಿಮೀಟರ್ ದಪ್ಪಕ್ಕೆ ಮುದ್ರಿಸುತ್ತಾರೆ. ಇದರಲ್ಲಿ ತಪ್ಪಿಲ್ಲ. ಆದರೆ ಪೊಳ್ಳಿನಲ್ಲಿ ಸಿಕ್ಕಿಕೊಂಡ ದ್ರವ ಇಳಿಯಲು ಒಂದು ತೂತು, ಗಾಳಿ ಆಡಲು ಇನ್ನೊಂದು ತೂತು ಇರಲೇಬೇಕು. ಮುದ್ರಣ ಮುಗಿದ ಮೇಲೆ ಆ ತೂತುಗಳ ಮೂಲಕ ಒಳಗನ್ನು ಆಲ್ಕೋಹಾಲ್‌ನಿಂದ ತೊಳೆದು, ಒಣಗಿಸಿ, ಒಳಕ್ಕೂ ಅತಿನೇರಳೆ ಬೆಳಕು ಬೀಳುವಂತೆ ಮಾಡಬೇಕು. ನನ್ನ ಟರೆಟ್‌ನಲ್ಲಿ ತೂತೇ ಇರಲಿಲ್ಲ. ಹೊರಗಿನಿಂದ ಎಷ್ಟು ಬೆಳಕು ಕೊಟ್ಟರೂ ಅದು ಬೂದುಬಣ್ಣದ ಅಪಾರದರ್ಶಕ ಗೋಡೆಯನ್ನು ದಾಟಿ ಒಳಗಿನ ದ್ರವವನ್ನು ಮುಟ್ಟುವುದಿಲ್ಲ. ಒಳಗೆ ಉಳಿದ ಹಸಿ ರೆಸಿನ್ ಗೋಡೆಯನ್ನು ನಿಧಾನವಾಗಿ ಊದಿಸಿ ಬಲಗುಂದಿಸುತ್ತದೆ, ಹೊರಮೈ ಬೆಳಕಿಗೆ ಇನ್ನಷ್ಟು ಗಟ್ಟಿಯಾಗಿ ಕುಗ್ಗುತ್ತದೆ, ಬೇಸಗೆಯಲ್ಲಿ ಒಳಗಿನದು ಹಿಗ್ಗುತ್ತದೆ. ತಿಂಗಳುಗಟ್ಟಲೆ ಸುಮ್ಮನಿದ್ದ ಭಾಗ ಒಂದು ದಿನ ಬಿರಿಯುವುದು ಹೀಗೆ.

ಮಾದರಿ ಹಾಳಾದದ್ದನ್ನು ಹೇಗೋ ಸಹಿಸಬಹುದು. ಹನಿ ಏನೆಂದು ತಿಳಿಯುವಷ್ಟರಲ್ಲಿ ಅದು ಬೆರಳುಗಳಿಗೆ ತಾಗಿಯಾಗಿತ್ತು. ಬೆರಳುಗಳ ಸಂದಿಯಲ್ಲಿ ತುರಿಕೆ ಶುರುವಾಗಿ, ಕೆಂಪಗಾಗಿ, ಸಣ್ಣ ನೀರ್ಗುಳ್ಳೆಗಳೆದ್ದವು. ಚರ್ಮವೈದ್ಯರು ಇದು ಅಕ್ರಿಲೇಟ್‌ನಿಂದಾದ ಸಂಪರ್ಕ ಅಲರ್ಜಿ ಎಂದರು. ಮುದ್ರಣ ರೆಸಿನ್‌ನ ಮುಖ್ಯ ಘಟಕವೇ ಅಕ್ರಿಲೇಟ್ ಮತ್ತು ಮೆಥಾಕ್ರಿಲೇಟ್‌ಗಳು. ದೇಹ ಒಮ್ಮೆ ಅವುಗಳ ವಿರುದ್ಧ ಸಂವೇದನೆ ಬೆಳೆಸಿಕೊಂಡರೆ ಅದು ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ, ಆಮೇಲೆ ಅತಿ ಸ್ವಲ್ಪ ತಾಗಿದರೂ ದದ್ದು ಏಳುತ್ತದೆ. ಇದೇ ವರ್ಗದ ವಸ್ತುಗಳು ಜೆಲ್ ಉಗುರುಬಣ್ಣದಲ್ಲಿ, ಹಲ್ಲಿನ ಫಿಲ್ಲಿಂಗ್‌ನಲ್ಲಿ, ಮೂಳೆ ಜೋಡಣೆಯ ಸಿಮೆಂಟ್‌ನಲ್ಲಿ ಸಹ ಇರುವುದರಿಂದ, ಹವ್ಯಾಸದ ಮೇಜಿನ ಮೇಲೆ ಹತ್ತಿದ ಅಲರ್ಜಿ ದಂತವೈದ್ಯರ ಕುರ್ಚಿಯವರೆಗೂ ಹಿಂಬಾಲಿಸಬಹುದು. ಚರ್ಮಕ್ಕೆ ರೆಸಿನ್ ತಾಗಿದರೆ ಸೋಪು ಮತ್ತು ನೀರಿನಿಂದಲೇ ತೊಳೆಯಬೇಕು. ಆಲ್ಕೋಹಾಲ್ ಹಚ್ಚಿ ಉಜ್ಜುವುದು ಕೂಡದು, ಏಕೆಂದರೆ ಅದು ರೆಸಿನ್ನನ್ನು ಕರಗಿಸಿ ಚರ್ಮದ ಮೇಲೆ ಇನ್ನಷ್ಟು ಹರಡುತ್ತದೆ. ನೈಟ್ರೈಲ್ ಕೈಗವಸು ಸ್ವಲ್ಪ ಹೊತ್ತು ಕಾಪಾಡುತ್ತದೆ, ಆದರೆ ತಾಗಿದ ಕೂಡಲೇ ಬದಲಿಸಬೇಕು. ಲೇಟೆಕ್ಸ್ ಅಷ್ಟೂ ಉಪಯೋಗಕ್ಕೆ ಬಾರದು.

ಮಾರಾಟಗಾರರ ವರ್ತನೆಯ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಮೊದಲು ನನ್ನ ಬಣ್ಣವನ್ನೂ, ಆಮೇಲೆ ಬೆಂಗಳೂರಿನ ಹವೆಯನ್ನೂ ದೂರಿದರು. ಫೋಟೊ ಕಳಿಸಿದ ಮೇಲೆ, ಬಿರುಕಿಗೆ ಪುಟ್ಟಿ ತುಂಬಿ ಬಿಸಿಲಿಗಿಡಿ ಎಂಬ ಸಲಹೆ ಬಂತು. ಹಣ ಹಿಂದಿರುಗಲಿಲ್ಲ. ಆ ಸಲಹೆಯನ್ನು ಮಾತ್ರ ಯಾರೂ ಪಾಲಿಸಬಾರದು. ಬಿರುಕನ್ನು ಮುಚ್ಚಿದರೆ ಒಳಗಿನ ದ್ರವ ಒಳಗೇ ಉಳಿದು, ಮತ್ತೊಂದು ದುರ್ಬಲ ಜಾಗದಲ್ಲಿ ಬಾಯಿ ತೆರೆಯುತ್ತದೆ.

ಕೊಳ್ಳುವ ಮೊದಲು ಭಾಗದ ತಳದ ಫೋಟೊ ಕೇಳಿರಿ. ಪೊಳ್ಳೋ ಗಟ್ಟಿಯೋ, ಪೊಳ್ಳಾದರೆ ತೂತುಗಳೆಲ್ಲಿವೆ, ಒಳಗನ್ನು ಹೇಗೆ ಗಟ್ಟಿಮಾಡಿದ್ದೀರಿ ಎಂಬ ಪ್ರಶ್ನೆಗಳಿಗೆ ತಿಳಿದು ಮುದ್ರಿಸುವವರು ಒಂದೇ ಸಾಲಿನಲ್ಲಿ ಉತ್ತರಿಸುತ್ತಾರೆ. ತಡವರಿಸಿದರೆ ಕೊಳ್ಳುವುದು ಬೇಡ. ಭಾಗ ಮನೆಗೆ ಬಂದ ಮೇಲೆ ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ವಾಲಿಸಿ ನೋಡಬೇಕು. ಸದ್ದಿಲ್ಲವೆಂದು ನೆಮ್ಮದಿಪಡುವಂತಿಲ್ಲ, ಏಕೆಂದರೆ ಪೊಳ್ಳು ಪೂರ್ತಿ ತುಂಬಿದ್ದರೆ ಸದ್ದೇ ಬರುವುದಿಲ್ಲ. ಅನುಮಾನವಿದ್ದರೆ ಬಣ್ಣಕ್ಕೆ ಮೊದಲೇ, ಕೈಗವಸು ಮತ್ತು ಕನ್ನಡಕ ಧರಿಸಿ, ಟರೆಟ್ ರಿಂಗ್‌ನೊಳಗೆ ಮರೆಯಾಗುವ ಜಾಗದಲ್ಲಿ ಪಿನ್‌ವೈಸ್‌ನಿಂದ (ಕೈಯಿಂದ ತಿರುಗಿಸುವ ಸಣ್ಣ ಡ್ರಿಲ್) ಎರಡು ತೂತು ಕೊರೆಯಿರಿ. ದ್ರವ ಬಂದರೆ ಎಸೆಯುವ ಲೋಟಕ್ಕೆ ಬಸಿದು, ಸಿರಿಂಜಿನಿಂದ ಆಲ್ಕೋಹಾಲ್ ಹಾಯಿಸಿ ತೊಳೆದು, ಚೆನ್ನಾಗಿ ಒಣಗಿದ ಮೇಲೆ ತೂತಿನಿಂದ ಸಣ್ಣ ಅತಿನೇರಳೆ ಎಲ್‌ಇಡಿ ಇಳಿಸಿ ಒಳಗೋಡೆಯನ್ನು ಗಟ್ಟಿಮಾಡಬಹುದು. ತೂತುಗಳನ್ನು ತೆರೆದೇ ಬಿಡಿ. ಬಸಿದ ರೆಸಿನ್ ಮತ್ತು ತೊಳೆದ ಆಲ್ಕೋಹಾಲ್ ಜಲಜೀವಿಗಳಿಗೆ ವಿಷವಾದ್ದರಿಂದ ಬಚ್ಚಲಿಗೆ ಸುರಿಯಬಾರದು. ಮಕ್ಕಳು, ಬೆಂಕಿ ಎರಡರಿಂದಲೂ ದೂರದಲ್ಲಿ ಬಯಲಿನಲ್ಲಿ ಬಿಸಿಲಿಗಿಟ್ಟು, ಆಲ್ಕೋಹಾಲ್ ಆರಿ ಉಳಿದದ್ದು ಗಟ್ಟಿಯಾದ ಮೇಲೆ ವಿಲೇವಾರಿ ಮಾಡಬೇಕು.

ಈಗಾಗಲೇ ಇಂಥ ಭಾಗಗಳನ್ನು ಅಳವಡಿಸಿ ಮುಗಿಸಿದ ಮಾದರಿಗಳಿದ್ದರೆ, ಅವುಗಳ ಕೆಳಗೆ ಒಂದು ಬಿಳಿ ಕಾಗದ ಹಾಸಿಟ್ಟು ಬೇಸಗೆ ಮುಗಿಯುವವರೆಗೆ ಆಗಾಗ ನೋಡುತ್ತಿರಿ, ಮತ್ತು ಅಲ್ಲಿಯವರೆಗೆ ಅವುಗಳನ್ನು ಮಕ್ಕಳ ಕೈಗೆ ಕೊಡಬೇಡಿ, ಯಾರಿಗೂ ಮಾರಬೇಡಿ.