‘ಫಸ್ಟ್ ಪೇಜ್ ಗ್ಯಾರಂಟಿ’ ಎಂದವರ ಕೈಗೆ ವೆಬ್‌ಸೈಟ್ ಕೊಡುವ ಮುಂಚೆ

ತುಮಕೂರಿನ ಮೋಟಾರ್ ರಿವೈಂಡಿಂಗ್ ಅಂಗಡಿಯೊಂದಕ್ಕೆ ಆದದ್ದು ಇದು. ಗೂಗಲ್‌ನಲ್ಲಿ ಮೊದಲ ಸ್ಥಾನಕ್ಕೆ ತರುತ್ತೇವೆ, ತರದಿದ್ದರೆ ದುಡ್ಡು ವಾಪಸ್ ಎಂದು ಏಜೆನ್ಸಿಯೊಂದು ವರ್ಷದ ಕರಾರು ಮಾಡಿಸಿಕೊಂಡಿತು. ತಂದೂ ತೋರಿಸಿತು. ‘ಬೆಸ್ಟ್ ಸಬ್‌ಮರ್ಸಿಬಲ್ ಮೋಟಾರ್ ರಿವೈಂಡಿಂಗ್ ಸರ್ವಿಸ್ ಸೆಂಟರ್ ಇನ್ ಕೊರಟಗೆರೆ’ ಎಂದು ಹುಡುಕಿದರೆ ಈ ಅಂಗಡಿಯೇ ಮೊದಲು. ಫೋನು ಮಾತ್ರ ಬರಲಿಲ್ಲ.

ಬರುವುದಾದರೂ ಹೇಗೆ? ಮೋಟಾರ್ ಸುಟ್ಟು ತೋಟ ಒಣಗುತ್ತಿರುವ ರೈತ ಅಷ್ಟುದ್ದ ಟೈಪ್ ಮಾಡುವುದಿಲ್ಲ. ‘ಬೋರ್ ಮೋಟಾರ್ ರಿಪೇರಿ’, ‘ಮೋಟಾರ್ ಎತ್ತೋರು’, ‘5 ಎಚ್‌ಪಿ ವೈಂಡಿಂಗ್ ರೇಟ್’ ಎಂದು ಹುಡುಕುತ್ತಾನೆ. ಅದೂ ಬಹಳ ಸಲ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಇಲ್ಲವೇ ಮೈಕ್ ಒತ್ತಿ. ಯಾರೂ ಹುಡುಕದ ಮಾತಿಗೆ ಪೈಪೋಟಿಯೇ ಇರುವುದಿಲ್ಲ, ಹಾಗಾಗಿ ಅಲ್ಲಿ ಮೊದಲ ಸ್ಥಾನ ಸುಲಭ. ಗ್ಯಾರಂಟಿಯ ಗುಟ್ಟು ಇಷ್ಟೇ. ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತಾನೇ ಬರೆದಿಟ್ಟಿದೆ.

ಆದ್ದರಿಂದ ಏಜೆನ್ಸಿ ಕಳಿಸುವ ಸ್ಕ್ರೀನ್‌ಶಾಟ್ ನಂಬಬೇಡಿ. ಸೈಟು ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಎಂದು ಅದರ ಒಡೆಯರಿಗೆ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್ ತೆರೆದು ಪರ್ಫಾರ್ಮೆನ್ಸ್ ವರದಿಯಲ್ಲಿ ಆ ಪದದ ಇಂಪ್ರೆಶನ್, ಅಂದರೆ ಹುಡುಕಿದವರಿಗೆ ಸೈಟು ಕಂಡ ಸಲ, ಎಷ್ಟೆಂದು ನೋಡಿ. 3 ತಿಂಗಳಲ್ಲಿ ಬೆರಳೆಣಿಕೆಯಷ್ಟಿದ್ದರೆ ಆ ಸ್ಥಾನಕ್ಕೆ ಬೆಲೆಯಿಲ್ಲ. ಅಲ್ಲಿ 16 ತಿಂಗಳ ಲೆಕ್ಕ ಸಿಗುತ್ತದೆ, ಹೋದ ಬೇಸಿಗೆಗೂ ಈ ಬೇಸಿಗೆಗೂ ಹೋಲಿಸಬಹುದು.

ದುಡ್ಡು ದಂಡವಾದದ್ದಕ್ಕಿಂತ ಸೈಟಿಗೆ ಆದ ಹಾನಿ ದೊಡ್ಡದು. ಜಿಲ್ಲೆಯ 10 ತಾಲ್ಲೂಕು, 4 ಸೇವೆ, ಒಟ್ಟು 40 ಪುಟ ಮಾಡಿಟ್ಟಿದ್ದರು. ಗುಬ್ಬಿ ಪುಟದಲ್ಲಿ ಗುಬ್ಬಿ ತೆಗೆದು ಸಿರಾ ಹಾಕಿದರೆ ಸಿರಾ ಪುಟ. ಇಂಥವಕ್ಕೆ ಡೋರ್‌ವೇ ಪುಟ ಎನ್ನುತ್ತಾರೆ, ಗೂಗಲ್‌ನ ಸ್ಪ್ಯಾಮ್ ನಿಯಮದಲ್ಲಿ ಇವು ಹೆಸರಿಸಿಯೇ ನಿಷಿದ್ಧ. ಮುಖಪುಟದಲ್ಲಿ ‘ತುಮಕೂರು ಮೋಟಾರ್ ರಿಪೇರಿ’ ಸಾಲುಸಾಲಿಗೂ ಇತ್ತು. ಕನ್ನಡದಲ್ಲಿ ಇದು ಇನ್ನೂ ಕೆಟ್ಟದಾಗಿ ಕಾಣುತ್ತದೆ: ನಮ್ಮ ಮಾತಿನಲ್ಲಿ ‘ತುಮಕೂರಿನಲ್ಲಿ’, ‘ರಿಪೇರಿಗೆ’ ಎಂದು ಪ್ರತ್ಯಯ ಸೇರಲೇಬೇಕು, ಪದ ಹಾಗೇ ಇರಲಿ ಎಂದು ಪ್ರತ್ಯಯ ಕಿತ್ತರೆ ವಾಕ್ಯವೇ ಉಳಿಯುವುದಿಲ್ಲ. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಇನ್ನೊಂದಿಷ್ಟು ಪದ ತುಂಬಿದ್ದರು. ನಿಮ್ಮ ಪುಟದಲ್ಲಿ ಕಂಟ್ರೋಲ್ ಜೊತೆ ಎ ಒತ್ತಿ ಎಲ್ಲವನ್ನೂ ಆರಿಸಿ. ಬಣ್ಣದಲ್ಲಿ ಅಡಗಿಸಿಟ್ಟ ಬರಹ ಎದ್ದು ಕಾಣುತ್ತದೆ. ಬಿಲ್ಲಿನಲ್ಲಿ ತಿಂಗಳು ತಿಂಗಳು ‘ಮೆಟಾ ಕೀವರ್ಡ್ಸ್’ ಎಂಬ ಬಾಬ್ತು ಬೇರೆ, ಅಂದರೆ ಪುಟದ ಕೋಡಿನೊಳಗೆ ಪದಗಳ ಪಟ್ಟಿ ಬರೆದಿಡುವ ಟ್ಯಾಗ್. ವೆಬ್ ರ‍್ಯಾಂಕಿಂಗಿಗೆ ಆ ಟ್ಯಾಗನ್ನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ.

ಎಲ್ಲಕ್ಕಿಂತ ಹೊಡೆತ ಕೊಟ್ಟದ್ದು ಮ್ಯಾಪ್. ಮ್ಯಾಪಿನಲ್ಲಿ ಅಂಗಡಿಯ ಹೆಸರು, ವಿಳಾಸ, ಫೋನು ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲಿನಲ್ಲಿ ಅಂಗಡಿಯ ಹೆಸರಿನ ಹಿಂದೆ ‘ಬೆಸ್ಟ್ ಬೋರ್‌ವೆಲ್ ಮೋಟಾರ್ ರಿಪೇರಿ’ ಅಂಟಿಸಿದ್ದರು. ಬೋರ್ಡಿನಲ್ಲಿ ಇಲ್ಲದ ಪದ ಹೆಸರಿನಲ್ಲಿ ಇರಕೂಡದು. ಪ್ರೊಫೈಲ್ ಸಸ್ಪೆಂಡ್ ಆಯಿತು, ಅದೂ ಮೋಟಾರ್‌ಗಳು ಹೆಚ್ಚು ಸುಡುವ ಏಪ್ರಿಲ್‌ನಲ್ಲಿ. ಹೀಗಾದರೆ ಮೊದಲು ಹೆಸರು ಸರಿಮಾಡಿ, ಜಿಎಸ್‌ಟಿ ಪ್ರಮಾಣಪತ್ರ, ಟ್ರೇಡ್ ಲೈಸೆನ್ಸ್, ಅದೇ ವಿಳಾಸದ ಕರೆಂಟ್ ಬಿಲ್ ಸ್ಕ್ಯಾನ್ ಮಾಡಿಟ್ಟುಕೊಂಡು, ಆಮೇಲೆ ಮೇಲ್ಮನವಿ ಹಾಕಿ.

ಸರ್ಚ್ ಕನ್ಸೋಲಿನ ಮ್ಯಾನುಯಲ್ ಆ್ಯಕ್ಷನ್ಸ್ ಪುಟ ಖಾಲಿ ಇದ್ದರೆ ಏನೂ ಆಗಿಲ್ಲ ಎಂದು ಸಮಾಧಾನಪಡಬೇಡಿ. ಮನುಷ್ಯರು ಪರಿಶೀಲಿಸಿ ಹಾಕಿದ ಶಿಕ್ಷೆ ಮಾತ್ರ ಅಲ್ಲಿ ಕಾಣುತ್ತದೆ. ಯಂತ್ರವೇ ಪತ್ತೆಹಚ್ಚಿ ಕೆಳಗಿಳಿಸಿದರೆ ನೋಟಿಸ್ ಬರುವುದಿಲ್ಲ, ಇಂಪ್ರೆಶನ್ ಗೆರೆ ಸುಮ್ಮನೆ ಇಳಿಯುತ್ತದೆ.

ಸರಿಯಾದ ಪದಗಳು ಅಂಗಡಿಯ ಫೋನಿನಲ್ಲೇ ಇರುತ್ತವೆ. ಎರಡು ವಾರ ಫೋನ್ ಎತ್ತುವವರ ಪಕ್ಕ ನೋಟ್‌ಬುಕ್ ಇಡಿ, ಗಿರಾಕಿ ಹೇಳಿದ ಮೊದಲ ಮಾತನ್ನು ತಿದ್ದದೆ ಬರೆಯಿರಿ. ಅದನ್ನು ಗೂಗಲ್‌ನಲ್ಲಿ ಅರ್ಧ ಟೈಪ್ ಮಾಡಿ ಕೆಳಗೆ ಬರುವ ಸಲಹೆ ನೋಡಿ, ಸರ್ಚ್ ಕನ್ಸೋಲಿನ ಕ್ವೆರಿ (ಜನ ಹುಡುಕಿದ ಮಾತುಗಳ) ಪಟ್ಟಿಯೊಂದಿಗೆ ತಾಳೆ ಹಾಕಿ. ಒಂದು ಅಗತ್ಯಕ್ಕೆ ಒಂದೇ ಪುಟ. ಪದ ಟೈಟಲ್‌ನಲ್ಲಿ ಒಮ್ಮೆ, ದೊಡ್ಡ ಶೀರ್ಷಿಕೆಯಲ್ಲಿ ಒಮ್ಮೆ, ಮೊದಲ ಪ್ಯಾರಾದಲ್ಲಿ ಒಮ್ಮೆ ಬಂದರೆ ಸಾಕು. ಮಿಕ್ಕ ಜಾಗದಲ್ಲಿ ಗಿರಾಕಿ ಕೇಳುವುದನ್ನೇ ಬರೆಯಿರಿ: ಯಾವ ಎಚ್‌ಪಿವರೆಗೆ ಮಾಡುತ್ತೀರಿ, ಎಷ್ಟು ಅಡಿ ಆಳದಿಂದ ಮೋಟಾರ್ ಎತ್ತುತ್ತೀರಿ, ವೈಂಡಿಂಗಿಗೆ ಎಷ್ಟು ದಿನ, ಕೇಬಲ್ ಮತ್ತು ಸ್ಟಾರ್ಟರ್ ಖರ್ಚು ಬೇರೆಯೇ. ಪುಟದಲ್ಲಿ ಪದ ಇಷ್ಟು ಬಾರಿ ಬರಬೇಕೆಂಬ ಶೇಕಡಾ ಲೆಕ್ಕ ಹೇಳುವವರನ್ನು ದೂರವಿಡಿ. ಅಂಥ ಯಾವ ಲೆಕ್ಕವೂ ಇಲ್ಲ.

ಕೆಟ್ಟ ಪುಟಗಳನ್ನು ಸುಮ್ಮನೆ ಅಳಿಸಬೇಡಿ. 40ನ್ನು 4ಕ್ಕೆ ಇಳಿಸಿ, ಪ್ರತಿ ಹಳೆಯ ವಿಳಾಸವನ್ನು ಅದೇ ಸೇವೆಯ ಪುಟಕ್ಕೆ 301 ರೀಡೈರೆಕ್ಟ್ ಮಾಡಿ, ಅಂದರೆ ಹಳೆಯದಕ್ಕೆ ಬಂದವರು ತಾನಾಗಿ ಹೊಸದಕ್ಕೆ ಹೋಗುವಂತೆ ಕಾಯಂ ತಿರುಗಿಸಿ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದರೆ ಪ್ರಯೋಜನವಿಲ್ಲ. ರೀಡೈರೆಕ್ಟನ್ನು ಕನಿಷ್ಠ 1 ವರ್ಷ ತೆಗೆಯಬೇಡಿ.

ಈ ಅಂಗಡಿಗೆ ಇದೆಲ್ಲ ಇಷ್ಟು ತಡವಾಗಿ ಗೊತ್ತಾದದ್ದು ಡೊಮೇನ್ (ಸೈಟಿನ ವಿಳಾಸದ ಹೆಸರು) ಮತ್ತು ಸರ್ಚ್ ಕನ್ಸೋಲ್ ಎರಡೂ ಏಜೆನ್ಸಿಯ ಖಾತೆಯಲ್ಲಿದ್ದ ಕಾರಣ. ಡೊಮೇನ್ ನಿಮ್ಮ ಹೆಸರಿನಲ್ಲಿರಲಿ. ಡೊಮೇನಿನ ಸೆಟ್ಟಿಂಗ್ ಆದ ಡಿಎನ್‌ಎಸ್‌ನಲ್ಲಿ ಗೂಗಲ್ ಕೊಡುವ ಟೆಕ್ಸ್ಟ್ ರೆಕಾರ್ಡ್ ಹಾಕಿ ಸರ್ಚ್ ಕನ್ಸೋಲಿಗೆ ನೀವೇ ಓನರ್ ಆಗಿ, ಏಜೆನ್ಸಿಯನ್ನು ಬಳಕೆದಾರರಾಗಿ ಮಾತ್ರ ಸೇರಿಸಿ. ಕರಾರು ಮುಗಿದಾಗ ಅವರನ್ನು ಪಟ್ಟಿಯಿಂದ ತೆಗೆದರಷ್ಟೇ ಸಾಲದು. ಒಡೆತನ ತೋರಿಸಲು ಸೈಟಿನಲ್ಲಿ ಅವರು ಹಾಕಿದ ವೆರಿಫಿಕೇಶನ್ ಫೈಲ್ ಅಥವಾ ಟ್ಯಾಗ್ ಉಳಿದಿದ್ದರೆ ಮತ್ತೆ ಓನರ್ ಆಗಿ ಒಳಬರಬಹುದು. ಅದನ್ನೂ ಹುಡುಕಿ ಅಳಿಸಿ.