ಮೈನಸ್ 3, 3.75, 4.25: ಮೂರನ್ನೂ ಹಾಕಿ ನೋಡಿದೆ

ನನ್ನ ಮೇಜಿನ ಡ್ರಾಯರ್‌ನಲ್ಲಿ ಮೂರು ಕನ್ನಡಕಗಳಿವೆ. ಮೂರೂ ದೂರದ್ದು ಮಂಜಾಗಿ ಕಾಣುವವರ ಮೈನಸ್ ಪವರಿನವು. ಒಂದು ಎಂಟು ವರ್ಷ ಹಳೆಯದು, ಮೈನಸ್ 3. ಎರಡನೆಯದು ಹೋದ ವರ್ಷ ಅಂಗಡಿಯಲ್ಲಿ ಮಾಡಿಸಿದ್ದು, ಮೈನಸ್ 4.25. ಮೂರನೆಯದು ಅದಾದ ನಾಲ್ಕು ತಿಂಗಳಿಗೆ ಕಣ್ಣಿನ ಆಸ್ಪತ್ರೆಯಲ್ಲಿ ಬರೆಸಿಕೊಂಡು ಬಂದದ್ದು, ಮೈನಸ್ 3.75. ಇದು ಬಲಗಣ್ಣಿನ ಲೆಕ್ಕ. ಎಡಗಣ್ಣಿಗೆ ಕಾಲು ಕಮ್ಮಿ, ಅದನ್ನು ಬಿಡಿ.

ನನಗೆ ನಲವತ್ತೈದು. ಶಿವಮೊಗ್ಗದಲ್ಲಿ ಹೈಸ್ಕೂಲ್ ಮೇಷ್ಟ್ರು. ಕೊನೇ ಬೆಂಚಿನಲ್ಲಿ ಯಾರು ತೂಕಡಿಸುತ್ತಿದ್ದಾರೆ ಅಂತಲೂ ಕಾಣಬೇಕು, ಉತ್ತರ ಪತ್ರಿಕೆಯ ಕಾಗೆ ಕಾಲಿನ ಅಕ್ಷರವೂ ಕಾಣಬೇಕು.

ಹಳೆಯದು ಸಾಲದು ಅಂತ ಗೊತ್ತಾಗಿದ್ದು ಬಸ್ ಸ್ಟ್ಯಾಂಡಿನಲ್ಲಿ. ತಂಗಿ ಮನೆ ಸಾಗರದಲ್ಲಿದೆ. ಬಸ್ಸಿನ ಬೋರ್ಡಿನಲ್ಲಿ 'ಸ' ಕಾಣುತ್ತಿತ್ತು, ಮುಂದೆ ಎರಡು ಗುಂಡನೆಯ ಅಕ್ಷರ. ಸಾಗರವೋ ಸೊರಬವೋ? ಹತ್ತಿರ ಹೋಗಿ ಕಂಡಕ್ಟರನ್ನೇ ಕೇಳಬೇಕಾಯಿತು.

ಅಂಗಡಿಯಲ್ಲಿ ಮೊದಲು ಮಿಷನ್ ಮುಂದೆ ಗದ್ದ ಇಡಿಸಿದರು. ಒಳಗೆ ಉದ್ದನೆಯ ರಸ್ತೆ, ತುದಿಯಲ್ಲಿ ಬಣ್ಣದ ಬಲೂನು. ಎರಡೇ ನಿಮಿಷಕ್ಕೆ ಚೀಟಿ ಬಂತು. ಅದೇ ಚೀಟಿ ಹಿಡಿದು ಎರಡು ಗ್ಲಾಸ್ ಬದಲಾಯಿಸಿ ತೋರಿಸಿದರು. "ಹೀಗೆ ಚೆನ್ನಾಗಿದೆಯಾ ಸರ್, ಹೀಗಾ?" ಪ್ರತಿ ಸಲವೂ ಜಾಸ್ತಿ ಪವರಿನದ್ದೇ ಚೆನ್ನ ಅನ್ನಿಸಿತು. ಅಕ್ಷರ ಚೂಪಾಗಿ, ಕಪ್ಪಗೆ ಕಾಣುತ್ತಿತ್ತು. "ಇದು, ಇದು" ಎನ್ನುತ್ತಾ ಹೋದೆ. ತಪ್ಪಿನಲ್ಲಿ ನನ್ನ ಪಾಲೂ ಇದೆ.

ಬಲೂನು ದೂರದಲ್ಲಿರುವಂತೆ ಕಂಡರೂ ಮಿಷನ್ ಮೂಗಿನ ಮುಂದೆಯೇ ಇದೆ ಅಂತ ಕಣ್ಣಿಗೆ ಗೊತ್ತು. ಹಾಗಾಗಿ ಹತ್ತಿರದ್ದು ನೋಡಲು ದುಡಿಯುವ ಒಳಗಿನ ಸ್ನಾಯು ಸ್ವಲ್ಪ ಬಿಗಿಯುತ್ತದೆ, ಮೈನಸ್ ಜಾಸ್ತಿ ಬರುತ್ತದೆ. ಮಿಷನ್ ಕೊಡುವುದು ಅಂದಾಜು, ಅಷ್ಟೇ. ಅಲ್ಲಿಂದಾಚೆ ಕೂರಿಸಿ ಕೇಳಿ ಸರಿಮಾಡಬೇಕು.

4.25 ಹಾಕಿದ ಮೊದಲ ವಾರ ಹಬ್ಬ. ಎಲೆ ಎಲೆಯೂ ಬೇರೆ ಬೇರೆ. ಸಂಜೆ ಮಾತ್ರ ಹುಬ್ಬಿನ ಮೇಲೆ ಒತ್ತಿದ ಹಾಗೆ ನೋವು. ಮೂವತ್ತು ಪತ್ರಿಕೆ ತಿದ್ದುವಷ್ಟರಲ್ಲಿ ಸಾಲುಗಳು ಈಜಾಡುತ್ತಿದ್ದವು. ಪತ್ರಿಕೆಯನ್ನು ದೂರ ದೂರ ಹಿಡಿಯುವುದು ನೋಡಿ ಹೆಂಡತಿ, "ನಿಮಗೂ ಚಾಳೀಸು ಬಂತು" ಅಂದಳು. ಬಂದಿತ್ತು, ನಿಜ. ಆದರೆ ಅರ್ಧ ಪಾಯಿಂಟ್ ಹೆಚ್ಚಿನ ಹೊರೆಯನ್ನು ನಾನೇ ದುಡ್ಡು ಕೊಟ್ಟು ಹೇರಿಸಿಕೊಂಡಿದ್ದೆ. 40 ಸೆಂಟಿಮೀಟರ್ ದೂರದ ಹಾಳೆ ಓದಲು ಸರಿಯಾದ ಪವರಿನಲ್ಲಿ ಕಣ್ಣು ಎರಡೂವರೆ ಪಾಯಿಂಟ್ ದುಡಿಯಬೇಕು. ಇದರಲ್ಲಿ ಮೂರು. ಇಪ್ಪತ್ತರ ಹುಡುಗನಿಗೆ ಅದು ಲೆಕ್ಕಕ್ಕೇ ಇಲ್ಲ. ನನಗೆ ಇದೆ.

ಆಸ್ಪತ್ರೆಯಲ್ಲಿ ಪರೀಕ್ಷಿಸಿದ ಹುಡುಗಿ ಉಲ್ಟಾ ದಾರಿ ಹಿಡಿದಳು. ಮೂಗು ಜಗ್ಗುವ ಆ ಭಾರದ ಫ್ರೇಮ್ ಹಾಕಿ, ಮೊದಲು ಎಲ್ಲ ಮಂಜಾಗುವ ಹಾಗೆ ಮಾಡಿದಳು. ಆಮೇಲೆ ಕಾಲು ಕಾಲು ಪಾಯಿಂಟ್ ಮೈನಸ್ ಸೇರಿಸುತ್ತಾ ಬಂದಳು. 3.75ಕ್ಕೆ ಕೊನೇ ಸಾಲು ಓದಿದೆ. ಇನ್ನೂ ಕಾಲು ಹಾಕಿದಾಗ "ಇನ್ನೂ ಚೆನ್ನಾಗಿದೆ" ಅಂದೆ. ಅವಳು ಕೇಳಿದ್ದು ಇಷ್ಟೇ: "ಜಾಸ್ತಿ ಓದೋಕೆ ಆಗ್ತಿದೆಯಾ ಸರ್, ಇಲ್ಲಾ ಬರೀ ಕಪ್ಪಗೆ ಕಾಣ್ತಿದೆಯಾ?"

ಬರೀ ಕಪ್ಪಗೆ ಕಾಣುತ್ತಿತ್ತು. ಮೈನಸ್ ಜಾಸ್ತಿಯಾದಷ್ಟೂ ಅಕ್ಷರ ಚಿಕ್ಕದಾಗಿ ಕಪ್ಪಾಗುತ್ತದೆ. ಅದನ್ನೇ ನಾವು ಸ್ಪಷ್ಟ ಅಂದುಕೊಳ್ಳುತ್ತೇವೆ. ಆಮೇಲೆ ಅರ್ಧ ಕೆಂಪು, ಅರ್ಧ ಹಸಿರು ಇರುವ ಚಾರ್ಟ್ ತೋರಿಸಿದಳು. ಹಸಿರು ಬೆಳಕು ಕೆಂಪಿಗಿಂತ ಸ್ವಲ್ಪ ಜಾಸ್ತಿ ಬಾಗಿ, ಮುಂದೆಯೇ ಕೂಡುತ್ತದೆ. ಮೈನಸ್ ಎರಡನ್ನೂ ಹಿಂದಕ್ಕೆ, ಕಣ್ಣಿನ ಪರದೆಯ ಕಡೆಗೆ ತಳ್ಳುತ್ತದೆ; ಜಾಸ್ತಿಯಾದರೆ ಕೆಂಪು ಪರದೆಯನ್ನೂ ದಾಟಿಬಿಡುತ್ತದೆ. ಹಸಿರಿನ ಅಕ್ಷರವೇ ಎದ್ದು ಕಂಡರೆ ಪವರ್ ಹೆಚ್ಚಾಗಿದೆ ಅಂತ. ನನ್ನ 4.25ರಲ್ಲಿ ಹಸಿರು ಎದ್ದು ಕುಣಿಯುತ್ತಿತ್ತು. 3.75ರಲ್ಲಿ ಎರಡೂ ಸಮ.

ಆದರೂ ನನಗೆ ಸಮಾಧಾನ ಆಗಲಿಲ್ಲ. ಮೂರನ್ನೂ ತೆಗೆದುಕೊಂಡು ತಾರಸಿ ಹತ್ತಿದೆ. ಎದುರು ಬೀದಿಯಲ್ಲಿ ಹಿಟ್ಟಿನ ಗಿರಣಿಯ ಬೋರ್ಡಿದೆ. ಕನ್ನಡದ ಬೋರ್ಡಿನಷ್ಟು ಒಳ್ಳೆ ಚಾರ್ಟ್ ಇನ್ನೊಂದಿಲ್ಲ. ಇಂಗ್ಲಿಷ್ ಅಕ್ಷರವನ್ನು ಆಕಾರ ನೋಡಿ ಊಹಿಸಬಹುದು. ದ, ಧ, ಥ ಊಹೆಗೆ ಸಿಗುವುದಿಲ್ಲ. ಒಂದು ಸೀಳು, ಒಂದು ಚುಕ್ಕೆ ಕಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಮೈನಸ್ 3ರಲ್ಲಿ ರಾಗಿ, ಅಕ್ಕಿ ಓದಿದೆ. ನಡುವಿನದು ಗೋಧಿಯೋ ಗೋದಿಯೋ ತಿಳಿಯಲಿಲ್ಲ. 3.75ರಲ್ಲಿ ಖಚಿತವಾಯಿತು: ಗೋದಿ. ಪೇಂಟರ್ ಸೀಳು ಹಾಕಿಲ್ಲ. (ಮೇಷ್ಟ್ರ ಕೈ ಕೆಂಪು ಪೆನ್ನಿಗೆ ಹೋಯಿತು.) 4.25ರಲ್ಲೂ ಅದೇ ಗೋದಿ, ಸುಮ್ನೆ ಇನ್ನಷ್ಟು ಕಪ್ಪಗೆ. ಒಂದಕ್ಷರವೂ ಹೆಚ್ಚು ಓದಲಿಲ್ಲ.

ಇನ್ನೊಂದು ಪರೀಕ್ಷೆಗೆ ಹೊಲಿಗೆ ಡಬ್ಬಿಯ ಟೇಪ್ ಸಾಕು. ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿ, ಪೇಪರನ್ನು ಮೆಲ್ಲಗೆ ದೂರ ಸರಿಸಿ. ಸಣ್ಣಕ್ಷರ ಮಂಜಾಗಲು ಶುರುವಾದ ಜಾಗವನ್ನು ಅಳೆಯಿರಿ. 100ನ್ನು ಆ ಸೆಂಟಿಮೀಟರಿನಿಂದ ಭಾಗಿಸಿದರೆ ಹೆಚ್ಚುಕಮ್ಮಿ ನಿಮ್ಮ ನಂಬರ್. ನನಗೆ 27 ಬಂತು, ಅಂದರೆ 3.7. ಇದನ್ನು ಹಿಡಿದು ಕನ್ನಡಕ ಮಾಡಿಸಬೇಡಿ ಮತ್ತೆ. ಸಿಲಿಂಡರ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಇಲ್ಲದವರಿಗೆ ಕೊಡುವ ಪವರ್) ಇದ್ದವರಿಗೆ ಈ ಲೆಕ್ಕ ಕೈಕೊಡುತ್ತದೆ.

ಹಾಗಂತ ಹಳೇ ಮೈನಸ್ 3 ದಂಡವಲ್ಲ. ಅದನ್ನು ಹಾಕಿದರೆ 1.3 ಮೀಟರ್ ತನಕ ಎಲ್ಲ ಚೊಕ್ಕ. ಕಂಪ್ಯೂಟರ್, ಪತ್ರಿಕೆಯ ಕಟ್ಟು ಎರಡೂ ಅದರೊಳಗೇ ಬರುತ್ತವೆ. ಐವತ್ತು ಪತ್ರಿಕೆ ತಿದ್ದಿದರೂ ಹುಬ್ಬು ನೋಯುವುದಿಲ್ಲ. ಆದರೆ ಅದೇ ಹಾಕಿಕೊಂಡು ಒಂದು ಸಂಜೆ ಮಳೆಯಲ್ಲಿ ಸ್ಕೂಟರ್ ತಂದೆ ನೋಡಿ, ಎದುರಿನ ಲೈಟುಗಳೆಲ್ಲ ದೀಪಾವಳಿಯ ಮತಾಪು. ಕತ್ತಲಲ್ಲಿ ಪಾಪೆ ಅಗಲವಾಗುತ್ತದೆ, ಹಗಲು ಸಹಿಸಿಕೊಂಡ ಮಂಜು ಆಗ ದುಪ್ಪಟ್ಟು. ಆ ಕನ್ನಡಕ ಈಗ ಮನೆ ಹೊಸಿಲು ದಾಟುವುದಿಲ್ಲ.

ಏಳನೇ ಕ್ಲಾಸಿನ ಮಗಳಿಗೂ ಕನ್ನಡಕ ಬಂದಿದೆ. "ಪವರ್ ಸ್ವಲ್ಪ ಕಮ್ಮೀನೇ ಹಾಕಿಸು, ಕಣ್ಣು ಅಭ್ಯಾಸ ಆಗುತ್ತೆ" ಅಂತ ನಮ್ಮತ್ತೆ ಹೇಳಿದರು. ನನ್ನ ಮೈನಸ್ 3ರ ಸುಖ ನೋಡಿ ನನಗೂ ಆಸೆಯಾಗಿತ್ತು. ಮಕ್ಕಳ ವಿಷಯ ಬೇರೆ. 2002ರಲ್ಲಿ ಮಲೇಷ್ಯಾದ ಮಕ್ಕಳ ಮೇಲಿನ ಅಧ್ಯಯನವೊಂದು ಪ್ರಕಟವಾಯಿತು. ಅದರಲ್ಲಿ ಬೇಕೆಂದೇ ಪವರ್ ಕಮ್ಮಿ ಕೊಟ್ಟ ಮಕ್ಕಳ ನಂಬರ್ ಇನ್ನೂ ಬೇಗ ಏರಿತ್ತು. ಅವಳಿಗೆ ಡ್ರಾಪ್ಸ್ ಹಾಕಿ, ಸ್ನಾಯು ಸಡಿಲ ಮಾಡಿಸಿ, ಬಂದ ನಂಬರನ್ನೇ ಪೂರ್ತಿ ಕೊಡಿಸಿದೆ.

ಸದ್ಯ ಸ್ಕೂಲಿಗೆ, ಸ್ಕೂಟರಿಗೆ 3.75. ತಿದ್ದಲು ಹಳೇದು. 4.25 ಡಬ್ಬಿಯಲ್ಲೇ ಕೂತಿದೆ. ಅದರ ಫ್ರೇಮ್ ಮಾತ್ರ ಮೂರರಲ್ಲಿ ಚೆಂದದ್ದು. ಈ ತಿಂಗಳ ಸಂಬಳ ಬಂದ ಮೇಲೆ ಅದಕ್ಕೆ 3.75ರ ಗ್ಲಾಸ್ ಹಾಕಿಸಲು ಕೊಡುತ್ತೇನೆ. ಫ್ರೇಮಿನ ದುಡ್ಡಾದರೂ ಗಿಟ್ಟಲಿ.